ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್: ಒಂಟಾರಿಯೊ ಯಾರಿಗೆ ಮೊದಲು ಬಾಗಿಲು ತೆರೆಯಿತು?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವ ಮಕ್ಕಳು ಶಾಲೆ ಮುಗಿಸುವ ಮುಂಚೆಯೇ ಕಾಲೇಜಿನ ಒಂದು ಕೋರ್ಸ್ ಓದಬಹುದು. ಇಲ್ಲವೇ ಎಲೆಕ್ಟ್ರಿಷಿಯನ್, ಪ್ಲಂಬರ್, ಮೆಕ್ಯಾನಿಕ್ ಕೆಲಸದ ಅಪ್ರೆಂಟಿಸ್ ತರಬೇತಿಯ ಮೊದಲ ಹಂತವನ್ನು ಮುಗಿಸಬಹುದು. ಆ ಕ್ರೆಡಿಟ್ ಶಾಲೆಯ ಲೆಕ್ಕಕ್ಕೂ ಬರುತ್ತದೆ, ಮುಂದಿನ ಓದಿನ ಲೆಕ್ಕಕ್ಕೂ ಬರುತ್ತದೆ. ಒಂದೇ ಜಮಾ ಎರಡು ಪಾಸ್‌ಬುಕ್‌ನಲ್ಲಿ ಬಿದ್ದ ಹಾಗೆ. ಅಲ್ಲಿ ಇದನ್ನು ಡ್ಯುಯಲ್ ಕ್ರೆಡಿಟ್ ಅನ್ನುತ್ತಾರೆ. ಮಕ್ಕಳು ಇದಕ್ಕೆ ಫೀಸು ಕಟ್ಟಬೇಕಾಗಿಲ್ಲ.

ಇಷ್ಟು ಕೇಳಿದರೆ ಇದು ಕ್ಲಾಸಿಗೆ ಮೊದಲು ಬರುವ ಮಕ್ಕಳಿಗೆ ಮಾಡಿದ್ದು ಅಂತ ಅನ್ನಿಸುತ್ತದೆ. ಜಾಣ ಮಗು, ಬೇಗ ಬೇಗ ಮುಂದೆ ಹೋಗಲಿ ಅಂತ. ಅಮೆರಿಕದಲ್ಲಿ ಇಂಥ ಯೋಜನೆಗಳು ಬಹುಪಾಲು ಹಾಗೇ ಶುರುವಾದವು. ಮಿನ್ನೆಸೋಟ ರಾಜ್ಯ 1985ರಲ್ಲಿ ಹೈಸ್ಕೂಲು ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಾಗ ಮುಖ್ಯವಾಗಿ ಒಳಗೆ ಹೋದವರು ಚೆನ್ನಾಗಿ ಓದುವ ಮಕ್ಕಳೇ.

ಒಂಟಾರಿಯೊ ಬೇರೆ ದಾರಿ ಹಿಡಿಯಿತು. ಶಾಲೆಯಲ್ಲಿ ಹಿಂದೆ ಬಿದ್ದವರು, ಓದಿನಲ್ಲಿ ಮನಸ್ಸು ನಿಲ್ಲದವರು, ಶಾಲೆ ಬಿಡುವ ಅಂಚಿನಲ್ಲಿರುವವರು, ಬಿಟ್ಟೇ ಹೋಗಿ ವಾಪಸ್ ಬಂದವರು. ಅಲ್ಲಿನ ಡ್ಯುಯಲ್ ಕ್ರೆಡಿಟ್ ಯೋಜನೆ ಮೊದಲು ನೋಡುವುದು ಈ ಮಕ್ಕಳನ್ನು. ಈ ಮಾತು ಅಲ್ಲಿನ ಶಿಕ್ಷಣ ಇಲಾಖೆಯ ನಿಯಮದಲ್ಲೇ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಇದೇ. ಸೋಲುತ್ತಿರುವ ಮಗುವಿಗೆ ಇನ್ನಷ್ಟು ಟ್ಯೂಷನ್ ಕೊಡುವುದು ಎಲ್ಲರಿಗೂ ಹೊಳೆಯುತ್ತದೆ. ಆ ಮಗುವನ್ನು ಕಾಲೇಜಿಗೇ ಕಳಿಸೋಣ ಅನ್ನುವುದಕ್ಕೆ ಧೈರ್ಯ ಬೇಕು.

ಮೊದಲು ಕ್ರೆಡಿಟ್ ಲೆಕ್ಕ

ಒಂಟಾರಿಯೊದಲ್ಲಿ ಹೈಸ್ಕೂಲು ಅಂದರೆ 9ರಿಂದ 12ನೇ ತರಗತಿ. ನಮ್ಮ ಪಿಯುಸಿ ಅದರೊಳಗೇ ಸೇರಿಹೋಗಿದೆ ಅಂದುಕೊಳ್ಳಿ. ಕೊನೆಗೆ ಒಂದು ದೊಡ್ಡ ಪಬ್ಲಿಕ್ ಪರೀಕ್ಷೆ ಬರೆದು ಪಾಸಾಗುವ ಪದ್ಧತಿ ಅಲ್ಲಿಲ್ಲ. ಮಗು 30 ಕ್ರೆಡಿಟ್ ಕೂಡಿಸಬೇಕು. ಒಂದು ಕ್ರೆಡಿಟ್ ಅಂದರೆ ಸಾಮಾನ್ಯವಾಗಿ 110 ಗಂಟೆಯ ಒಂದು ಕೋರ್ಸ್. ಇವುಗಳಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಕಡ್ಡಾಯ ಕ್ರೆಡಿಟ್‌ಗಳಿವೆ. ಉಳಿದವು ಆಯ್ಕೆಯವು. 2024ರ ಸೆಪ್ಟೆಂಬರ್‌ನಲ್ಲಿ 9ನೇ ತರಗತಿಗೆ ಸೇರಿದವರಿಂದ ಕಡ್ಡಾಯ 17, ಆಯ್ಕೆ 13. ಜೊತೆಗೆ ಅಕ್ಷರ ಸಾಮರ್ಥ್ಯದ ಒಂದು ಪರೀಕ್ಷೆ ಮತ್ತು 40 ಗಂಟೆ ಸಮಾಜಸೇವೆ. ಇಷ್ಟಾದರೆ ಹೈಸ್ಕೂಲು ಡಿಪ್ಲೊಮಾ ಸಿಗುತ್ತದೆ.

ವರ್ಷಕ್ಕೆ ಎಂಟು ಕ್ರೆಡಿಟ್ ಲೆಕ್ಕದಲ್ಲಿ ಹೆಚ್ಚಿನ ಮಕ್ಕಳು ನಾಲ್ಕು ವರ್ಷದಲ್ಲಿ ದಡ ಸೇರುತ್ತಾರೆ. ಆದರೆ 9ನೇ ತರಗತಿಯಲ್ಲಿ ಎರಡು ಕೋರ್ಸ್ ಹೋಯಿತು, 10ರಲ್ಲಿ ಇನ್ನೆರಡು ಹೋಯಿತು ಅಂದರೆ ಮಗುವಿಗೆ ಲೆಕ್ಕ ಕಣ್ಣಿಗೆ ಹೊಡೆಯುತ್ತದೆ. ಜೊತೆಯವರೆಲ್ಲ ಮುಂದಿದ್ದಾರೆ, ನಾನು ಮಾತ್ರ ಹಿಂದೆ. ಶಾಲೆ ಬಿಡುವ ಯೋಚನೆ ಬರುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಇನ್ನು ಅಲ್ಲಿನ ಕಾಲೇಜು. ಅದು ಯೂನಿವರ್ಸಿಟಿಗಿಂತ ಬೇರೆ. ನಮ್ಮ ಪಾಲಿಟೆಕ್ನಿಕ್‌ಗೆ ಹತ್ತಿರ, ಆದರೆ ಅದಕ್ಕಿಂತ ಬಹಳ ದೊಡ್ಡದು. ಸೆನೆಕಾ, ಹಂಬರ್, ಶೆರಿಡನ್, ಕಾನೆಸ್ಟೋಗಾ, ಜಾರ್ಜ್ ಬ್ರೌನ್ ಹೀಗೆ ಒಟ್ಟು 24 ಸಾರ್ವಜನಿಕ ಕಾಲೇಜುಗಳಿವೆ. ನರ್ಸಿಂಗ್ ಸಹಾಯಕರಿಂದ ಹಿಡಿದು ಅಡುಗೆ, ಅನಿಮೇಷನ್, ವೆಲ್ಡಿಂಗ್, ಮಕ್ಕಳ ಪಾಲನೆ, ಪೊಲೀಸ್ ಕೆಲಸದ ತಯಾರಿವರೆಗೆ ಅಲ್ಲಿ ಕಲಿಸುತ್ತಾರೆ. ಅಪ್ರೆಂಟಿಸ್‌ಗಳ ತರಗತಿ ಪಾಠ ನಡೆಯುವುದೂ ಹೆಚ್ಚಾಗಿ ಇಲ್ಲೇ.

ಒಬ್ಬ ಹುಡುಗಿ ಹೇಗೆ ಸೇರುತ್ತಾಳೆ?

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹದಿನೇಳು ವರ್ಷ. ಇಷ್ಟರಲ್ಲಿ 24 ಕ್ರೆಡಿಟ್ ಇರಬೇಕಿತ್ತು, 19 ಇವೆ. ದಡ್ಡಿಯಲ್ಲ. ಬೆಳಗ್ಗೆ ಶಾಲೆಗೆ ಬರುವುದೇ ಕಷ್ಟವಾಗಿದೆ. ಮಾತಾಡಿಸಿದರೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಇಷ್ಟ ಅನ್ನುತ್ತಾಳೆ.

ಒಂಟಾರಿಯೊದ ಹೈಸ್ಕೂಲುಗಳಲ್ಲಿ ಇಂಥ ಮಕ್ಕಳ ಮೇಲೆ ಕಣ್ಣಿಡಲೆಂದೇ ಒಬ್ಬ ಶಿಕ್ಷಕರಿರುತ್ತಾರೆ. ಸ್ಟೂಡೆಂಟ್ ಸಕ್ಸೆಸ್ ಟೀಚರ್ ಅಂತ ಕರೆಯುತ್ತಾರೆ. ಅವರೋ, ಕೋರ್ಸ್ ಆರಿಸಿಕೊಳ್ಳಲು ದಾರಿ ತೋರಿಸುವ ಗೈಡೆನ್ಸ್ ಕೌನ್ಸೆಲರೋ ಈ ಹುಡುಗಿಯನ್ನು ಕರೆದು ಕೂರಿಸುತ್ತಾರೆ. ಹತ್ತಿರದ ಕಾಲೇಜಿನಲ್ಲಿ ಮಕ್ಕಳ ಪಾಲನೆಯ ಡಿಪ್ಲೊಮಾದ ಒಂದು ಕೋರ್ಸ್ ಈ ಸೆಮಿಸ್ಟರ್ ಡ್ಯುಯಲ್ ಕ್ರೆಡಿಟ್ ಆಗಿ ಸಿಗುತ್ತಿದೆ, ನೋಡ್ತೀಯಾ ಅಂತ ಕೇಳುತ್ತಾರೆ. ಒಪ್ಪಿದರೆ ವಾರದಲ್ಲಿ ಒಂದೆರಡು ಮಧ್ಯಾಹ್ನ ಅವಳು ಕಾಲೇಜಿಗೆ ಹೋಗುತ್ತಾಳೆ. ಉಳಿದ ಹೊತ್ತು ಶಾಲೆಯಲ್ಲೇ ತನ್ನ ಇಂಗ್ಲಿಷ್, ಗಣಿತ ಓದುತ್ತಾಳೆ. ಪುಸ್ತಕದ ಖರ್ಚು, ಬಸ್ಸಿನ ಖರ್ಚನ್ನೂ ಬಹಳ ಕಡೆ ಯೋಜನೆಯೇ ನೋಡಿಕೊಳ್ಳುತ್ತದೆ.

ಪಾಠ ಮಾಡುವುದು ಕಾಲೇಜಿನ ಅಧ್ಯಾಪಕರು. ಕೆಲವು ಕಡೆ ಹೈಸ್ಕೂಲಿನ ಶಿಕ್ಷಕರೂ ಅವರ ಜೊತೆ ಸೇರಿ ಪಾಠ ಮಾಡುತ್ತಾರೆ. ಮಕ್ಕಳ ಬೆನ್ನಿಗೆ ಶಾಲೆಯ ಕಡೆಯಿಂದಲೂ ಒಬ್ಬ ಶಿಕ್ಷಕರು ಇರುತ್ತಾರೆ. ಇದು ಮುಖ್ಯ. ಕಾಲೇಜಿಗೆ ತಂದು ಬಿಟ್ಟು, ಈಜಿಕೊಂಡು ಹೋಗು ಅನ್ನುವ ಏರ್ಪಾಡಲ್ಲ. ಕೋರ್ಸ್ ಪಾಸಾದರೆ ಅಂಕ ಎರಡು ಕಡೆ ದಾಖಲಾಗುತ್ತದೆ. ಹೈಸ್ಕೂಲಿನ ಅಂಕಪಟ್ಟಿಯಲ್ಲಿ ಒಂದು ಕ್ರೆಡಿಟ್, ಕಾಲೇಜಿನ ಅಂಕಪಟ್ಟಿಯಲ್ಲಿ ಒಂದು ಕೋರ್ಸ್.

ಇದಕ್ಕೆಲ್ಲ ದುಡ್ಡು ಕೊಡುವುದು ಪ್ರಾಂತ್ಯದ ಸರ್ಕಾರ. ನಡೆಸುವುದು ಸ್ಕೂಲ್ ಕಾಲೇಜ್ ವರ್ಕ್ ಇನಿಷಿಯೇಟಿವ್ ಎಂಬ ಯೋಜನೆಯ ಮೂಲಕ. ಪ್ರತಿ ಪ್ರದೇಶದಲ್ಲಿ ಶಾಲಾ ಮಂಡಳಿಗಳವರು ಮತ್ತು ಕಾಲೇಜಿನವರು ಒಂದು ತಂಡವಾಗಿ ಕೂತು, ನಮ್ಮಲ್ಲಿ ಯಾವ ಕೋರ್ಸ್ ಕೊಡೋಣ ಅಂತ ತೀರ್ಮಾನಿಸುತ್ತಾರೆ. ಹಾಗಾಗಿ ಒಂದೂರಿನಲ್ಲಿ ಸಿಗುವುದು ಇನ್ನೊಂದೂರಿನಲ್ಲಿ ಸಿಗದೇ ಇರಬಹುದು.

ಒಂದು ಮಿತಿಯನ್ನೂ ಇಟ್ಟಿದ್ದಾರೆ. ಹೈಸ್ಕೂಲು ಡಿಪ್ಲೊಮಾಕ್ಕೆ ಇಂಥ ಕ್ರೆಡಿಟ್ ಹೆಚ್ಚೆಂದರೆ ನಾಲ್ಕನ್ನು ಲೆಕ್ಕ ಹಿಡಿಯಬಹುದು. ಅವೂ ಆಯ್ಕೆಯ ಕ್ರೆಡಿಟ್‌ಗಳ ಜಾಗದಲ್ಲಿ ಮಾತ್ರ. ಕಡ್ಡಾಯ ಇಂಗ್ಲಿಷ್ ಬದಲು ಕಾಲೇಜಿನ ವೆಲ್ಡಿಂಗ್ ಕೋರ್ಸ್ ಮಾಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಈ ಮಿತಿ ಸರಿಯಾಗಿಯೇ ಇದೆ. ಕಾಲೇಜಿನ ಕೋರ್ಸ್ ಮಗುವನ್ನು ಶಾಲೆಗೆ ಅಂಟಿಸಿಕೊಳ್ಳಲು ಇರುವುದು. ಶಾಲೆಯ ಮೂಲ ಪಾಠವನ್ನೇ ಅದು ನುಂಗಬಾರದು.

ಸೋಲುತ್ತಿರುವವರನ್ನೇ ಯಾಕೆ?

ಇದನ್ನು ಅರ್ಥ ಮಾಡಿಕೊಳ್ಳಲು ಇಪ್ಪತ್ತೈದು ವರ್ಷ ಹಿಂದೆ ಹೋಗಬೇಕು. 1999ರಲ್ಲಿ ಒಂಟಾರಿಯೊ ಹೊಸ ಹೈಸ್ಕೂಲು ಪಠ್ಯಕ್ರಮ ತಂದಿತು. ಅದುವರೆಗೆ ಯೂನಿವರ್ಸಿಟಿಗೆ ಹೋಗುವವರಿಗೆ 13ನೇ ತರಗತಿ ಅನ್ನುವ ಹೆಚ್ಚುವರಿ ವರ್ಷ ಇತ್ತು. ಅದನ್ನು ತೆಗೆದರು. ಐದು ವರ್ಷದ ಪಾಠ ನಾಲ್ಕು ವರ್ಷಕ್ಕೆ ಬಿಗಿಯಾಯಿತು. 2003ರಲ್ಲಿ ಹಳೆಯ ಪಠ್ಯಕ್ರಮದ ಬ್ಯಾಚು, ಹೊಸ ಪಠ್ಯಕ್ರಮದ ಬ್ಯಾಚು ಎರಡೂ ಒಟ್ಟಿಗೇ ಹೊರಬಂದವು. ಯೂನಿವರ್ಸಿಟಿ ಸೀಟಿನ ನೂಕುನುಗ್ಗಲು ಎಲ್ಲರ ಬಾಯಲ್ಲೂ ಇತ್ತು.

ಸದ್ದಿಲ್ಲದೆ ಇನ್ನೊಂದು ಸಂಗತಿ ನಡೆದಿತ್ತು. 2003-04ರಲ್ಲಿ ಲೆಕ್ಕ ಹಾಕಿದಾಗ, 9ನೇ ತರಗತಿಗೆ ಸೇರಿದ ನೂರು ಮಕ್ಕಳಲ್ಲಿ ಐದು ವರ್ಷದ ಒಳಗೆ ಡಿಪ್ಲೊಮಾ ಪಡೆದವರು 68 ಮಂದಿ ಮಾತ್ರ. ಉಳಿದ 32 ಮಂದಿ? ಶ್ರೀಮಂತ ಪ್ರಾಂತ್ಯ, ಉಚಿತ ಶಾಲೆ, ಆದರೂ ಮೂವರಲ್ಲಿ ಒಬ್ಬರು ದಡ ಸೇರಿರಲಿಲ್ಲ.

2003ರ ಅಕ್ಟೋಬರ್‌ನಲ್ಲಿ ಪ್ರಾಂತ್ಯದಲ್ಲಿ ಡಾಲ್ಟನ್ ಮೆಗಿಂಟಿ ಅವರ ಸರ್ಕಾರ ಬಂತು. ಈ 68 ಅನ್ನುವ ಅಂಕಿಯನ್ನು ಮೇಲೆತ್ತುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಯಿತು. 2006ರಲ್ಲಿ ಕಾನೂನು ಬದಲಿಸಿ, 16 ವರ್ಷಕ್ಕೆ ಶಾಲೆ ಬಿಡಬಹುದು ಅಂತ ಇದ್ದದ್ದನ್ನು 18ಕ್ಕೆ ಏರಿಸಿದರು. ಆದರೆ ಕಾನೂನು ತಂದ ಮಾತ್ರಕ್ಕೆ ಹದಿನೇಳರ ಹುಡುಗ ಕ್ಲಾಸಿನಲ್ಲಿ ಕೂರುತ್ತಾನಾ? ಅವನು ಅಲ್ಲಿರಲು ಒಂದು ಕಾರಣ ಬೇಕು. ಆ ಕಾರಣ ಹುಟ್ಟಿಸಲು ಒಂದೇ ಹೊತ್ತಿಗೆ ಹಲವು ದಾರಿ ತೆರೆದರು. ಸ್ಟೂಡೆಂಟ್ ಸಕ್ಸೆಸ್ ಟೀಚರ್‌ಗಳನ್ನು ನೇಮಿಸಿದರು. ಒಂದು ವೃತ್ತಿಕ್ಷೇತ್ರದ ಸುತ್ತ ಕೋರ್ಸ್‌ಗಳನ್ನು ಹೆಣೆಯುವ ಸ್ಪೆಷಲಿಸ್ಟ್ ಹೈ ಸ್ಕಿಲ್ಸ್ ಮೇಜರ್ 2006ರಲ್ಲಿ ಬಂತು. ಅದೇ ಹೊತ್ತಿನಲ್ಲಿ ಡ್ಯುಯಲ್ ಕ್ರೆಡಿಟ್ ಬೆಳೆಯಿತು.

ಸುಮಾರು ಹನ್ನೆರಡು ವರ್ಷ ಕಳೆದ ಮೇಲೆ, ಅಂದರೆ 2016ರ ಹೊತ್ತಿಗೆ, ಆ 68 ಅನ್ನುವುದು 86ರ ಆಸುಪಾಸಿಗೆ ಬಂತು. ಇಡೀ ಗೆಲುವು ಡ್ಯುಯಲ್ ಕ್ರೆಡಿಟ್‌ನದ್ದೇ ಅಂದರೆ ತಪ್ಪಾಗುತ್ತದೆ. ಅದಕ್ಕೆ ಸೇರಿದವರು ಒಟ್ಟು ಮಕ್ಕಳಲ್ಲಿ ಸಣ್ಣ ಪಾಲು. ಹಲವು ಕೆಲಸ ಒಟ್ಟಿಗೆ ನಡೆದವು, ಇದು ಅವುಗಳಲ್ಲಿ ಒಂದು. ಆದರೆ ಅತಿ ಕಷ್ಟದ ಮಕ್ಕಳನ್ನು ಮುಟ್ಟಿದ್ದು ಇದು.

ಒಳಗೆ ಏನು ನಡೆಯುತ್ತದೆ ನೋಡಿ. ಹೈಸ್ಕೂಲಿನಲ್ಲಿ ಆ ಹುಡುಗಿಗೆ ಒಂದು ಹಣೆಪಟ್ಟಿ ಬಿದ್ದಾಗಿದೆ. ಟೀಚರಿಗೆ ಗೊತ್ತು, ಗೆಳತಿಯರಿಗೆ ಗೊತ್ತು, ಅವಳಿಗೂ ಗೊತ್ತು. ಕಾಲೇಜಿನಲ್ಲಿ ಅವಳ ಹಳೆಯ ಕತೆ ಯಾರಿಗೂ ಗೊತ್ತಿಲ್ಲ. ಗಂಟೆ ಹೊಡೆಯುವುದಿಲ್ಲ, ಹೊರಗೆ ಹೋಗಲು ಕೈ ಎತ್ತಿ ಕೇಳಬೇಕಾಗಿಲ್ಲ. ದೊಡ್ಡವರ ಜೊತೆ ಇರುವ ಹಾಗೆ ಇರಬೇಕು. ಕಲಿಯುವುದು ನೇರವಾಗಿ ಕೆಲಸಕ್ಕೆ ಬರುತ್ತದೆ. ಸೆಮಿಸ್ಟರ್ ಮುಗಿದಾಗ ಕಾಲೇಜು ನನ್ನಂಥವರಿಗಲ್ಲ ಅನ್ನುವ ಮಾತು ಸುಳ್ಳು ಅಂತ ಅವಳಿಗೇ ಗೊತ್ತಾಗಿರುತ್ತದೆ. ಮನೆಯಲ್ಲಿ ಯಾರೂ ಕಾಲೇಜು ಕಂಡಿರದ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರುಗಳಲ್ಲೂ ಕಾಲೇಜಿನ ಮೊದಲ ದಿನ ಗೇಟಿನ ಹತ್ತಿರವೇ ನಿಂತು ಹಿಂಜರಿದ ಮಕ್ಕಳು ಎಷ್ಟು ಜನರಿಲ್ಲ!

ಇನ್ನೂ ಹೆಚ್ಚು ನೆರವು ಬೇಕಾದವರಿಗೆ ಸ್ಕೂಲ್ ವಿತಿನ್ ಎ ಕಾಲೇಜ್ ಇದೆ. ಇಲ್ಲಿ ಮಗು ಶಾಲೆಯ ಕಟ್ಟಡಕ್ಕೆ ಹೋಗುವುದೇ ಇಲ್ಲ. ಕಾಲೇಜಿನ ಆವರಣದಲ್ಲೇ ಒಂದು ಕೊಠಡಿ ಹೈಸ್ಕೂಲು ಆಗುತ್ತದೆ. ಹೈಸ್ಕೂಲಿನ ಶಿಕ್ಷಕರೇ ಅಲ್ಲಿಗೆ ಬಂದು ಬಾಕಿ ಇರುವ ಕ್ರೆಡಿಟ್‌ಗಳ ಪಾಠ ಮಾಡುತ್ತಾರೆ. ಜೊತೆಗೆ ಡ್ಯುಯಲ್ ಕ್ರೆಡಿಟ್ ಕೋರ್ಸ್. ಶಾಲೆ ಬಿಟ್ಟು ಒಂದೆರಡು ವರ್ಷ ಆಗಿ, ವಾಪಸ್ ಬರಲು ನಾಚಿಕೆ ಪಡುವ ಹತ್ತೊಂಬತ್ತರ ಹುಡುಗನಿಗೆ ಹದಿನಾಲ್ಕರ ಮಕ್ಕಳ ನಡುವೆ ಕೂರುವ ಕಷ್ಟ ತಪ್ಪುತ್ತದೆ.

ಕೈಕೆಲಸದ ದಾರಿ

ಈಗ ಅಪ್ರೆಂಟಿಸ್ ವಿಷಯ. ಒಂಟಾರಿಯೊದಲ್ಲಿ 140ಕ್ಕೂ ಹೆಚ್ಚು ಕಸುಬುಗಳಿಗೆ ಅಪ್ರೆಂಟಿಸ್ ದಾರಿಯಿದೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಕಾರು ಮೆಕ್ಯಾನಿಕ್, ತಲೆಗೂದಲು ಕತ್ತರಿಸುವವರು ಸೇರಿ ಕೆಲವು ಕಸುಬುಗಳನ್ನು ಪರವಾನಗಿ ಇಲ್ಲದೆ ಮಾಡುವಂತೆಯೇ ಇಲ್ಲ. 2022ರಿಂದ ಇದನ್ನೆಲ್ಲ ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಮನೆ, ಕಟ್ಟಡಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಆಗಲು ಸುಮಾರು 9,000 ಗಂಟೆ ಬೇಕು. ಅದರಲ್ಲಿ 840 ಗಂಟೆ ಮಾತ್ರ ತರಗತಿ, ಅದೂ ಮೂರು ಹಂತದಲ್ಲಿ. ಉಳಿದದ್ದೆಲ್ಲ ಅನುಭವಿ ಕೆಲಸಗಾರರ ಕೈಕೆಳಗೆ, ಸಂಬಳ ತೆಗೆದುಕೊಂಡು ಮಾಡುವ ಕೆಲಸ. ಎಲ್ಲ ಮುಗಿಯಲು ಐದು ವರ್ಷದ ಆಸುಪಾಸು. ಕೊನೆಗೆ ಒಂದು ಪರೀಕ್ಷೆ.

ಹೈಸ್ಕೂಲು ಮಗು ಇದರೊಳಗೆ ಬರುವುದು ಒಂಟಾರಿಯೊ ಯೂತ್ ಅಪ್ರೆಂಟಿಸ್‌ಶಿಪ್ ಪ್ರೋಗ್ರಾಂ ಮೂಲಕ. ಅಲ್ಲಿಯವರು ಓಯಾಪ್ ಅಂತಾರೆ. ಇದಕ್ಕೆ ಇಂತಿಷ್ಟು ವಯಸ್ಸು ಆಗಿರಬೇಕು, ಇಂತಿಷ್ಟು ಕ್ರೆಡಿಟ್ ಮುಗಿದಿರಬೇಕು ಅಂತ ನಿಯಮ ಇದೆ. ಮೊದಲ ಹೆಜ್ಜೆ ಕೋ-ಆಪ್, ಅಂದರೆ ಶಾಲೆಯ ಲೆಕ್ಕಕ್ಕೇ ಸೇರುವ ಕೆಲಸದ ಅನುಭವ. ಮಗು ಅರ್ಧ ದಿನ ಅಥವಾ ಇಡೀ ದಿನ ಗ್ಯಾರೇಜಿನಲ್ಲೋ ಕಟ್ಟಡದ ಸೈಟಿನಲ್ಲೋ ಇರುತ್ತದೆ. ಅದಕ್ಕೆ ಕ್ರೆಡಿಟ್ ಸಿಗುತ್ತದೆ. ಸಂಬಳ ಇಲ್ಲದ ಕೋ-ಆಪ್ ಆದರೂ ಗಾಯವಾದರೆ ವಿಮೆಯ ರಕ್ಷಣೆ ಸರ್ಕಾರದ ಕಡೆಯಿಂದ ಇರುತ್ತದೆ. ಮಾಲೀಕರಿಗೂ ಮಗುವಿಗೂ ಸರಿ ಹೊಂದಿದರೆ ಅಪ್ರೆಂಟಿಸ್ ಆಗಿ ನೋಂದಾಯಿಸುತ್ತಾರೆ. ಅಲ್ಲಿಂದ ಮಾಡಿದ ಗಂಟೆಗಳು ಆ 9,000ದ ಲೆಕ್ಕಕ್ಕೆ ಸೇರತೊಡಗುತ್ತವೆ.

ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತರಗತಿಯ ಮೊದಲ ಹಂತವನ್ನೂ ಹೈಸ್ಕೂಲಿನಲ್ಲೇ ಮುಗಿಸುತ್ತಾರೆ. ಶಾಲೆ ಮುಗಿದ ಮೇಲೆ ಅಪ್ರೆಂಟಿಸ್ ಆದವರಿಗೆ ಸಾಮಾನ್ಯವಾಗಿ ಎಂಟು ವಾರ ಕೆಲಸ ಬಿಟ್ಟು ಕೂರಬೇಕಾದ ಪಾಠ ಅದು. ಹದಿನೆಂಟಕ್ಕೆ ಶಾಲೆ ಮುಗಿಸಿ ಹೊರಬಂದಾಗ ಆ ಮಗುವಿನ ಕೈಯಲ್ಲಿ ಡಿಪ್ಲೊಮಾ ಇದೆ, ಮೊದಲ ಹಂತದ ತರಬೇತಿ ಇದೆ, ಕೆಲವು ನೂರು ಗಂಟೆಯ ಅನುಭವ ಇದೆ, ತನ್ನನ್ನು ಬಲ್ಲ ಒಬ್ಬ ಮಾಲೀಕರೂ ಇದ್ದಾರೆ. ಈ ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂತ ನನಗನ್ನಿಸುತ್ತದೆ. ಅಪ್ರೆಂಟಿಸ್ ಆಗಲು ಕಷ್ಟವಾದ ಕೆಲಸವೇ ಮೊದಲ ಮಾಲೀಕರನ್ನು ಹುಡುಕುವುದು. ಚಿಕ್ಕಪ್ಪನೋ ಮಾವನೋ ಆ ಕಸುಬಿನಲ್ಲಿದ್ದರೆ ಸುಲಭ. ಹೊಸದಾಗಿ ದೇಶಕ್ಕೆ ಬಂದವರ ಮಕ್ಕಳಿಗೆ ಆ ಚಿಕ್ಕಪ್ಪ ಎಲ್ಲಿಂದ ಬರಬೇಕು? ಶಾಲೆಯೇ ಆ ಜಾಗ ತುಂಬುತ್ತದೆ.

ಇತ್ತೀಚೆಗೆ ಸರ್ಕಾರ ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. 2024ರಲ್ಲಿ ಘೋಷಿಸಿದ ಫಾಸ್ಟ್ ಎಂಬ ಹೊಸ ಕವಲಿನಲ್ಲಿ 11, 12ನೇ ತರಗತಿಯ ಮಕ್ಕಳು ತಮ್ಮ ಕೋರ್ಸ್‌ಗಳಲ್ಲಿ ಶೇಕಡಾ 80ರವರೆಗೆ ಕೋ-ಆಪ್ ಆಗಿ ಮಾಡಬಹುದು. ಬಹುಪಾಲು ದಿನ ಕೆಲಸದ ಜಾಗದಲ್ಲೇ. ವಯಸ್ಸಾದ ಕೆಲಸಗಾರರು ನಿವೃತ್ತರಾಗುತ್ತಿದ್ದಾರೆ, ಮನೆ ಕಟ್ಟಲು ಜನ ಸಾಲದು ಅನ್ನುವುದು ಸರ್ಕಾರದ ವಾದ.

ಇಲ್ಲಿ ನನಗೆ ಆತಂಕ ಇದೆ. ನಾಲ್ಕು ಕ್ರೆಡಿಟ್‌ನ ಮಿತಿ ಇರುವ ಡ್ಯುಯಲ್ ಕ್ರೆಡಿಟ್ ಒಂದು ಬಾಗಿಲು ತೆರೆಯುತ್ತದೆ, ಬೇರೆ ಬಾಗಿಲನ್ನು ಮುಚ್ಚುವುದಿಲ್ಲ. ಹದಿನಾರಕ್ಕೇ ಶೇಕಡಾ 80 ಕೆಲಸ ಅಂದರೆ ಲೆಕ್ಕವೇ ಬೇರೆ. ನಾಳೆ ಮನಸ್ಸು ಬದಲಾಗಿ ಯೂನಿವರ್ಸಿಟಿಗೆ ಹೋಗಬೇಕು ಅನ್ನಿಸಿದರೆ ಬೇಕಾದ ಕೋರ್ಸ್‌ಗಳೇ ಇರುವುದಿಲ್ಲ. ಮತ್ತೆ ಹಿಂದೆ ಬಂದು ಓದಬೇಕು. ಆ ದಾರಿಗೆ ಯಾವ ಮಕ್ಕಳನ್ನು ಕಳಿಸುತ್ತಾರೆ ಅನ್ನುವುದೂ ದೊಡ್ಡ ಪ್ರಶ್ನೆ. ಒಂಟಾರಿಯೊದಲ್ಲಿ ಇದರ ಕಹಿ ಇತಿಹಾಸವಿದೆ. 9ನೇ ತರಗತಿಯಲ್ಲೇ ಮಕ್ಕಳನ್ನು ಅಕಾಡೆಮಿಕ್ (ಯೂನಿವರ್ಸಿಟಿ ಕಡೆಗೆ ಒಯ್ಯುವ ಪಾಠ), ಅಪ್ಲೈಡ್ (ಮಾಡಿ ಕಲಿಯುವುದಕ್ಕೆ ಒತ್ತು ಕೊಡುವ ಪಾಠ) ಅಂತ ಬೇರೆ ಮಾಡುತ್ತಿದ್ದ ಕಾಲದಲ್ಲಿ, ಟೊರಾಂಟೊದ ಕಪ್ಪು ಮಕ್ಕಳಲ್ಲಿ ಅಕಾಡೆಮಿಕ್ ಕಡೆ ಇದ್ದವರು ಶೇಕಡಾ 53, ಬಿಳಿಯ ಮಕ್ಕಳಲ್ಲಿ ಶೇಕಡಾ 81 ಅಂತ 2017ರಲ್ಲಿ ಯಾರ್ಕ್ ಯೂನಿವರ್ಸಿಟಿಯ ವರದಿ ಹೇಳಿತು. 2022ರ ಹೊತ್ತಿಗೆ 9ನೇ ತರಗತಿಯ ಆ ವಿಂಗಡಣೆಯನ್ನು ತೆಗೆದುಹಾಕಿದರು. ಅದೇ ವಿಂಗಡಣೆ ಇನ್ನೊಂದು ಹೆಸರಿನಲ್ಲಿ 11ನೇ ತರಗತಿಗೆ ಬರದಂತೆ ನೋಡಿಕೊಳ್ಳಬೇಕು. ಕಸುಬು ಕಲಿಯುವುದು ಕೀಳಲ್ಲ, ಖಂಡಿತ ಅಲ್ಲ. ಆದರೆ ಅದು ಮಗುವೇ ಕಣ್ಣು ಬಿಟ್ಟು ಆರಿಸಿಕೊಂಡ ದಾರಿ ಆಗಿರಬೇಕು.

ನಮ್ಮ ಕಡೆಯವರು ಗಮನಿಸಬೇಕಾದ್ದು

ಒಂಟಾರಿಯೊದ ಬ್ರ್ಯಾಂಪ್ಟನ್, ಮಿಸಿಸಾಗಾ, ವಾಟರ್‌ಲೂ ಊರುಗಳ ಸುತ್ತಮುತ್ತ ಇರುವ ಕನ್ನಡದ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದ ಕೂಡಲೇ ಇಂಜಿನಿಯರಿಂಗ್ ಮಾತು ಶುರುವಾಗುತ್ತದೆ. ಅವರು ತಿಳಿದಿರಬೇಕಾದ ಒಂದು ವಿಷಯ ಇದೆ. ಒಂಟಾರಿಯೊ ಯೂನಿವರ್ಸಿಟಿಗಳು ನೋಡುವುದು 12ನೇ ತರಗತಿಯ ಯೂನಿವರ್ಸಿಟಿ ಮಟ್ಟದ ಆರು ಕೋರ್ಸ್‌ಗಳನ್ನು. ಡ್ಯುಯಲ್ ಕ್ರೆಡಿಟ್ ಸಾಮಾನ್ಯವಾಗಿ ಆ ಆರರಲ್ಲಿ ಬರುವುದಿಲ್ಲ. ಹಾಗಾಗಿ ಇದು ಯೂನಿವರ್ಸಿಟಿ ಸೀಟಿಗೆ ಅಡ್ಡದಾರಿಯಲ್ಲ. ಕಾಲೇಜಿನಲ್ಲಿ ಕೂಡ, ಕೋರ್ಸ್ ಮಾಡಿದ ಕಾಲೇಜಿಗೇ ಅದೇ ಡಿಪ್ಲೊಮಾಕ್ಕೆ ಸೇರಿದರೆ ಲಾಭ ಪೂರ್ತಿ. ಬೇರೆ ಕಾಲೇಜಿಗೆ ಹೋದರೆ ಅವರು ಒಪ್ಪಬೇಕು.

ಆದರೆ ಮಗು ಓದಿನಲ್ಲಿ ಕುಸಿಯುತ್ತಿದ್ದರೆ ಮಾತೇ ಬೇರೆ. ನಮ್ಮಲ್ಲಿ ಅದನ್ನು ಮುಚ್ಚಿಡುವ ಅಭ್ಯಾಸ ಇದೆ. ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನಾಲ್ಕು ಜನ ಕೇಳುತ್ತಾರಲ್ಲ, ಏನು ಹೇಳೋದು ಅನ್ನುವ ಸಂಕಟ. ಮಗುವಿನ ಮೇಲೆ ಆ ಭಾರ ಹಾಕುವ ಬದಲು ಶಾಲೆಗೆ ಹೋಗಿ ಡ್ಯುಯಲ್ ಕ್ರೆಡಿಟ್ ಬಗ್ಗೆ ಕೇಳಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಕೇಳದಿದ್ದರೆ ಯಾರೂ ಹೇಳದೇ ಇರಬಹುದು. ಸೀಟುಗಳು ಕಡಿಮೆ, ಕೌನ್ಸೆಲರ್‌ಗಳಿಗೆ ಮಕ್ಕಳು ಜಾಸ್ತಿ.

ಕರ್ನಾಟಕದಲ್ಲಿ ಇದಕ್ಕೆ ಸಮನಾದದ್ದು ಇನ್ನೂ ಇಲ್ಲ. ನಮ್ಮಲ್ಲಿ ದಾರಿಗಳು ಎಸ್ಸೆಸ್ಸೆಲ್ಸಿ ಆದ ಮೇಲೆ ಒಡೆಯುತ್ತವೆ. ಪಿಯುಸಿ ಒಂದು ಕಡೆ, ಪಾಲಿಟೆಕ್ನಿಕ್ ಒಂದು ಕಡೆ, ಐಟಿಐ ಒಂದು ಕಡೆ. ಆಮೇಲೆ ಸೇರುವ ಕೊಂಡಿಗಳು ಇವೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಇದು ಸಾವಿರಾರು ಮಕ್ಕಳ ಕೈ ಹಿಡಿದಿದೆ. ಆದರೆ ಪಿಯುಸಿ ಓದುತ್ತಿರುವ ಹುಡುಗ ವಾರಕ್ಕೆರಡು ಮಧ್ಯಾಹ್ನ ಪಕ್ಕದ ಪಾಲಿಟೆಕ್ನಿಕ್‌ನಲ್ಲಿ ಕೂತು, ಆ ಪಾಠಕ್ಕೆ ಎರಡೂ ಕಡೆ ಕ್ರೆಡಿಟ್ ಪಡೆಯುವ ವ್ಯವಸ್ಥೆ ಇಲ್ಲ. ಕಾಗದದ ಮೇಲೆ ಅದಕ್ಕೆ ಜಾಗ ಸಿದ್ಧವಾಗಿದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು, ಕಸುಬಿನ ತರಬೇತಿ ಮೂರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತದೆ. ವರ್ಷಕ್ಕೆ 1,200 ಗಂಟೆ ಕಲಿಕೆ, 40 ಕ್ರೆಡಿಟ್. ಆದರೆ ಅಳತೆ ಇದ್ದರೆ ಸಾಲದು. ಮಗುವನ್ನು ಕರೆದು ಕೂರಿಸಿ ಮಾತಾಡಿಸುವ ಟೀಚರ್, ಬಸ್ಸಿನ ದುಡ್ಡು, ಪಾಠ ಹಂಚಿಕೊಳ್ಳಲು ಒಪ್ಪುವ ಪ್ರಿನ್ಸಿಪಾಲರು, ಒಂಟಾರಿಯೊ ಖರ್ಚು ಮಾಡಿದ್ದು ಇವುಗಳ ಮೇಲೆ.

ಒಂಟಾರಿಯೊದಲ್ಲಿ ಮಕ್ಕಳಿರುವವರಿಗೆ ಕೊನೆಗೊಂದು ಮಾಹಿತಿ. ಮುಂದಿನ ಸೆಪ್ಟೆಂಬರ್‌ನ ಕೋರ್ಸ್ ಆಯ್ಕೆ ಸಾಮಾನ್ಯವಾಗಿ ಚಳಿಗಾಲದಲ್ಲೇ ಮುಗಿದುಹೋಗುತ್ತದೆ. ಅದಕ್ಕಿಂತ ಮುಂಚೆ ಗೈಡೆನ್ಸ್ ಆಫೀಸಿನಲ್ಲಿ ಸಮಯ ಕೇಳಿ, ಮಗುವನ್ನೂ ಕರೆದುಕೊಂಡು ಹೋಗಿ. ಈಗ ಎಷ್ಟು ಕ್ರೆಡಿಟ್ ಆಗಿದೆ, ಕಡ್ಡಾಯದಲ್ಲಿ ಯಾವುದು ಬಾಕಿ, ಹತ್ತಿರದ ಯಾವ ಕಾಲೇಜಿನಲ್ಲಿ ಯಾವ ಕೋರ್ಸ್ ಡ್ಯುಯಲ್ ಕ್ರೆಡಿಟ್ ಆಗಿ ಸಿಗುತ್ತದೆ, ಅಲ್ಲಿಗೆ ಹೋಗಿಬರಲು ಏನು ಏರ್ಪಾಡು ಅಂತ ಕೇಳಿ. ಆ ಕೋರ್ಸ್‌ನಿಂದ ಮುಂದೆ ಯಾವ ಡಿಪ್ಲೊಮಾಕ್ಕೆ, ಯಾವ ಕಸುಬಿಗೆ ದಾರಿ ಇದೆ ಅನ್ನುವುದನ್ನು ಮಗುವೇ ಕೇಳಲಿ.